ತೆರವುಗೊಳಿಸಿ ಎಂದು ಬರೆದವಳು ನಾನೇ

ಆ ಮನೆಯ ಉಪ್ಪರಿಗೆಗೆ ಇದ್ದದ್ದು ಹದಿನಾಲ್ಕು ಮೆಟ್ಟಿಲು. ಅವನ್ನು ಹತ್ತಿ ಒಳಗೆ ಕಾಲಿಡಲು ನನಗೆ ಹನ್ನೊಂದು ದಿನ ಹಿಡಿಯಿತು. ಮೆಟ್ಟಿಲುಗಳಿಗೇನೂ ಆಗಿರಲಿಲ್ಲ, ಹಲಸಿನ ಮರದವು, ಇನ್ನೂ ಎರಡು ತಲೆಮಾರು ತುಳಿದರೂ ಸವೆಯುವಂಥವಲ್ಲ. ಮೇಲಿನ ಬಾಗಿಲಿಗೆ ಬೀಗ ಬಿದ್ದಿತ್ತು, ಅಷ್ಟೆ.

ಕುಂದಾಪುರ ಪೇಟೆಯ ನಡುವೆ, ಮೀನು ಮಾರುಕಟ್ಟೆಯಿಂದ ಐದು ನಿಮಿಷ ನಡೆದರೆ ಸಿಗುವ ಓಣಿಯಲ್ಲಿದ್ದ ಮನೆ ಅದು. ಕೆಂಪು ಮುರಕಲ್ಲಿನ ಗೋಡೆ, ಚಿಪ್ಪಿನ ಸುಣ್ಣದ ಗಾರೆ, ಹೆಂಚಿನ ಮಾಡು. ಓಣಿಯ ಕಡೆಗೆ ಒಂದು ಅಂಗಡಿ, ಅದರ ಮೇಲೆ ಉಪ್ಪರಿಗೆ, ಹಿಂದೆ ವಾಸದ ಭಾಗ. ಯಜಮಾನರು ಊರ ಹೊರಗೆ ಹೊಸ ಮನೆ ಕಟ್ಟಿಕೊಂಡು ಹೋಗಿದ್ದರು. ಹಗಲಿಡೀ ಅಂಗಡಿಯಲ್ಲಿ ಪ್ಲಾಸ್ಟಿಕ್ ಕೊಡ, ಬಕೆಟ್ಟು, ಕುರ್ಚಿ ಮಾರುತ್ತಿದ್ದರು. ಮನೆಯನ್ನು ಮಾರಲು ಇಟ್ಟಿದ್ದರು.

ನಾನು ಇಂಜಿನಿಯರು. ಮನೆ ನೋಡಿ ವರದಿ ಕೊಡಿ ಎಂದು ನನ್ನ ಕಚೇರಿಗೆ ಬಂದವರು ಕಿರಿಮಂಜೇಶ್ವರದ ಕಡೆಯ ಒಬ್ಬ ಮೀನು ವ್ಯಾಪಾರದ ಹೆಂಗಸು. ವಯಸ್ಸು ಐವತ್ತೈದರ ಮೇಲಿರಬೇಕು. ಮೊದಲು ಬುಟ್ಟಿ ಹೊತ್ತು ಮನೆಮನೆಗೆ ಮಾರುತ್ತಿದ್ದವರು, ಈಗ ಬಂದರಿನಲ್ಲೇ ಹರಾಜು ಹಿಡಿದು ಹೋಟೆಲುಗಳಿಗೆ ಕಳಿಸುತ್ತಾರೆ. ಕುರ್ಚಿಯ ತುದಿಯಲ್ಲಿ ಕೂತು, ನಾನು ಕೊಟ್ಟ ನೀರು ಕುಡಿದು, ನೇರವಾಗಿ ವಿಷಯಕ್ಕೆ ಬಂದರು.

"ಮೂವತ್ ವರ್ಷ ಆ ಓಣಿಯಗೆ ಮೀನ್ ಮಾರಿದೆ ಮೇಡಂ. ಆ ಮನಿ ಹಿತ್ಲ್ ಬಾಗ್ಲಿಂದ ಒಳ್ಗ್ ಎಂತ ಇತ್ತ್ ಅಂದೇಳಿ ಒಂದ್ ದಿನವೂ ಕಾಣ್ಲಿಲ್ಲೆ. ಈಗ ಮನಿಯನ್ನೇ ತಕಂಬ ಅಂತ ಇದ್ದೆ. ಹಿಂದೆ ನಾವ್ ಇಪ್ಪುದ್, ಮುಂದೆ ಮೀನೂಟದ ಹೋಟ್ಲ್. ಗಟ್ಟಿ ಇತ್ತಾ ಇಲ್ಯಾ, ಅಷ್ಟ್ ಹೇಳಿ ಸಾಕ್."

ಅಷ್ಟು ಹೇಳುವುದೇ ಕಷ್ಟದ ಕೆಲಸ. ಆದರೆ ಆ ಹೆಂಗಸಿನ ಮಾತು ನನಗೆ ಹಿಡಿಸಿತು, ಒಪ್ಪಿಕೊಂಡೆ. ಮೇ ತಿಂಗಳ ಮೂರನೆಯ ವಾರ. ಮಳೆಗೆ ಮುಂಚೆ ಕರಾರು ಮುಗಿಸಬೇಕೆಂದು ಯಜಮಾನರ ಅವಸರ. ಒಬ್ಬ ಬಿಲ್ಡರ್ ಬೇರೆ ಕಣ್ಣು ಹಾಕಿದ್ದಾನೆಂದು ಅವರೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು.

ಮೊದಲ ದಿನ ಹಿಂದಿನ ಭಾಗವನ್ನು ನೋಡಿದೆ. ತೂಗುಗುಂಡು ಇಳಿಬಿಟ್ಟರೆ ಗೋಡೆಗಳು ಕಾಲಿಂಚು ಕೂಡ ವಾಲಿರಲಿಲ್ಲ. ಸುತ್ತಿಗೆಯ ಹಿಡಿಯಿಂದ ಗಾರೆ ತಟ್ಟುತ್ತ ಹೋದೆ. ಟೊಳ್ಳು ಸದ್ದು ಬಂದದ್ದು ಬಚ್ಚಲಿನ ಬಳಿ ಮಾತ್ರ, ಅಲ್ಲಿ ಯಾರೋ ಸುಣ್ಣದ ಮೇಲೆ ಸಿಮೆಂಟು ಬಳಿದಿದ್ದರು. ಏಣಿ ಇಟ್ಟು ಮಾಡಿನೊಳಗೆ ತಲೆ ತೂರಿಸಿದೆ. ಹೆಂಚು ಹೊತ್ತ ಪಕ್ಕಾಸುಗಳು ಒಣಗಿ ಕಪ್ಪಾಗಿದ್ದವು, ಆದರೆ ಗಟ್ಟಿ. ಅಡ್ಡಪಟ್ಟಿಯ ನಾಲ್ಕೈದು ರೀಪು ಬದಲಿಸಿದರೆ ಸಾಕಿತ್ತು. ಅಷ್ಟು ಒಳ್ಳೆಯ ಕೆಲಸ ಈಗ ಯಾರು ಮಾಡುತ್ತಾರೆ ಅನ್ನಿಸಿತು. ಹಿಂದಿನ ಗೋಡೆಯ ಮೂಲೆಗಳಲ್ಲಿ ಕಲ್ಲಿಗೆ ಕಲ್ಲು ಕೂರಿಸಿದ ರೀತಿ ನೋಡಿ ಸುಮ್ಮನೆ ಕೈಯಾಡಿಸಿದೆ.

ಮುಂದಿನ ಭಾಗದಲ್ಲಿ ತಲೆನೋವು ಶುರುವಾಯಿತು. ಅಂಗಡಿಗೆ ಪಿಒಪಿ ಸೀಲಿಂಗ್ ಹಾಕಿದ್ದರು. ಅದರ ಮೇಲೆ ಉಪ್ಪರಿಗೆಯ ತೊಲೆಗಳು ಹೇಗಿವೆ, ಕೆಳಗಿನಿಂದ ಕಾಣುವ ಹಾಗಿಲ್ಲ. ಮೇಲೆ ಹೋಗೋಣವೆಂದರೆ ಬೀಗ.

"ಕೀ ಮೇಷ್ಟ್ರ ಹತ್ರ ಇತ್ತ್" ಎಂದರು ಯಜಮಾನರು. "ರಜೆ ಅಲ್ದಾ, ಊರಿಗ್ ಹೋಯಿದ್ರ್. ಮೇಲೆ ಎಂತ ಕಾಣ್ಕ್ ನಿಮ್ಗೆ? ನಾಕ್ ಬೆಂಚ್, ಒಂದ್ ಬೋರ್ಡ್."

ಉಪ್ಪರಿಗೆಯನ್ನು ಒಬ್ಬ ಟ್ಯೂಷನ್ ಮೇಷ್ಟ್ರು ಬಾಡಿಗೆಗೆ ಹಿಡಿದಿದ್ದರು. ಹೈಸ್ಕೂಲು ಮಕ್ಕಳಿಗೆ ಸಂಜೆ ಗಣಿತದ ಪಾಠ. ಜೂನ್ ಮೊದಲ ಸೋಮವಾರ ಮತ್ತೆ ಶುರು.

ಮೇಷ್ಟ್ರ ಫೋನ್ ನಂಬರು ಕೇಳಿದರೆ ಯಜಮಾನರು ಎರಡು ದಿನ ಹುಡುಕಿದರು. ಸಿಕ್ಕಿದ ನಂಬರು ಸ್ವಿಚ್ ಆಫ್. ಬ್ರಹ್ಮಾವರದಲ್ಲಿ ಮನೆ ಎಂದು ಗೊತ್ತಾಗಿ ಬಸ್ಸು ಹತ್ತಿ ಹೋದೆ. ಮನೆಯವರೆಲ್ಲ ನೆಂಟರ ಮದುವೆಗೆ ಹೋಗಿದ್ದರು, ಪಕ್ಕದವರು ಬೇಲಿಯ ಆಚೆಯಿಂದಲೇ ಹೇಳಿ ಕಳಿಸಿದರು. ನಾಲ್ಕು ದಿನ ಬಿಟ್ಟು ಮತ್ತೆ ಹೋದಾಗ ಮೇಷ್ಟ್ರು ಯಡ್ತರೆಯಲ್ಲಿ ತಂಗಿಯ ಮನೆಯಲ್ಲಿದ್ದರು. ಬ್ರಹ್ಮಾವರದಿಂದ ಕುಂದಾಪುರ, ಅಲ್ಲಿಂದ ಬೈಂದೂರು ಬಸ್ಸು. ಮಧ್ಯಾಹ್ನದ ಸೆಕೆಯಲ್ಲಿ ಕಿಟಕಿಯ ಸರಳು ಕೂಡ ಸುಡುತ್ತಿತ್ತು. ಯಡ್ತರೆಗೆ ಮುಟ್ಟುವಾಗ ಅವರು ಹೊರಟು ಅರ್ಧ ಗಂಟೆಯಾಗಿತ್ತಂತೆ.

ಅಷ್ಟರಲ್ಲಿ ಆ ಹೆಂಗಸು ಒಂದು ಹಾಳೆ ಹಿಡಿದುಕೊಂಡು ಬಂದರು. ಯಜಮಾನರು ಬೇರೊಬ್ಬ ಇಂಜಿನಿಯರನ್ನು ಕರೆಸಿ ಬರೆಸಿದ್ದ ಪ್ರಮಾಣಪತ್ರ. ಒಂದೇ ಪುಟ. ಕಟ್ಟಡ ಸುಸ್ಥಿತಿಯಲ್ಲಿದೆ, ಕೆಳಗೆ ಸಹಿ, ಸೀಲು.

"ಅವ್ರ್ ಕಾಲ್ ಗಂಟೆಯಗೆ ಕಂಡ್ರ್, ಬರ್ದ್ ಕೊಟ್ರ್. ನೀವ್ ಇನ್ನೂ ಅಳತಿ ತೆಗಿತಾ ಇದ್ರಿ. ಮನಿಯಗೆ ಎಲ್ರೂ ಬೈತ್ರ್ ನಂಗೆ. ನಿಮ್ಗೆ ಎಂತ ಕಾಂತಿಲ್ಲೆ ಹೇಳಿ?"

"ಅಂಗಡಿಯ ಮೇಲಿನದ್ದು ಕಾಂತಿಲ್ಲೆ. ಕಾಣದ್ದನ್ನು ಹೇಗೆ ಬರೆಯಲಿ ಅಕ್ಕ?"

"ಅವ್ರಿಗೂ ಕಾಣ್ಲಿಲ್ಲೆ ಅಲ್ದಾ? ಆದ್ರೂ ಬರ್ದ್ ಕೊಟ್ರಲ್ಲ."

ಇನ್ನು ಮೂರು ದಿನ ಕೊಡಿ ಎಂದೆ. ಅವರು ಆ ಹಾಳೆಯನ್ನು ಜೋಪಾನವಾಗಿ ಮಡಚಿ ಸೊಂಟದ ಚೀಲದೊಳಗೆ ಇಟ್ಟುಕೊಂಡು ಹೋದರು.

ತಂಗಿಯ ಮನೆಯಲ್ಲಿ ಹೇಳಿಬಂದದ್ದು ಮುಟ್ಟಿ, ಹನ್ನೊಂದನೆಯ ದಿನ ಮೇಷ್ಟ್ರೇ ಬೀಗದ ಕೈ ಹಿಡಿದುಕೊಂಡು ಬಂದರು. ಸಣಕಲು ದೇಹದ, ಮಾತಿಗೆ ಮೊದಲು ಕ್ಷಮಿಸಿ ಎನ್ನುವ ಮನುಷ್ಯ. ಮೇಲೆ ಎರಡು ಕೋಣೆ. ಹದಿಮೂರಡಿ ಅಗಲದ ಪಾಠದ ಕೋಣೆ, ಅದರಾಚೆ ಒಂಬತ್ತಡಿಯ ಸಾಮಾನಿನ ಕೋಣೆ, ನಡುವೆ ಮಾಡಿನವರೆಗೂ ಎದ್ದ ಮುರಕಲ್ಲಿನ ಗೋಡೆ. ಆ ಗೋಡೆಯ ಮೇಲೆಯೇ ಕಪ್ಪುಹಲಗೆ. ಹಲಗೆಯ ಮೇಲಂಚಿನಿಂದ ಮೂಲೆಯ ಕಡೆಗೆ ಒಂದು ಬಿರುಕು ಓರೆಯಾಗಿ ಏರಿತ್ತು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಬಿರುಕು ಏರಿದ ಮೂಲೆ ಓಣಿಯ ಕಡೆಯದು. ಓಣಿಯಲ್ಲಿ ಕಳೆದ ವರ್ಷ ಚರಂಡಿಗೆ ಅಗೆದಿದ್ದರು. ಆ ಮೂಲೆಯ ಪಂಚಾಂಗ, ಅಂದರೆ ತಳಪಾಯ, ಕುಸಿದಿರಬೇಕು ಎಂದು ಅಲ್ಲೇ ನಿಂತು ತೀರ್ಮಾನಿಸಿಬಿಟ್ಟೆ. ಹಲಗೆಯನ್ನು ಇಳಿಸಿ ನೋಡಲಿಲ್ಲ. ಮೇಷ್ಟ್ರು ಅದರ ಮೇಲೆ ಬೇಸಗೆ ರಜೆಗೆ ಮುಂಚಿನ ಕೊನೆಯ ಲೆಕ್ಕವನ್ನು ಹಾಗೆಯೇ ಬಿಟ್ಟಿದ್ದರು, ಅಳಿಸಿಹೋದೀತೆಂಬ ಸಂಕೋಚವೋ, ಹನ್ನೊಂದು ದಿನದ ದಣಿವೋ.

ಮರುದಿನ ಇಬ್ಬರು ಆಳುಗಳನ್ನು ಕರೆದು ಮೂಲೆಯ ಬುಡದಲ್ಲಿ ನಾಲ್ಕಡಿ ಗುಂಡಿ ತೆಗೆಸಿದೆ. ಯಜಮಾನರು ಅಂಗಡಿಯ ಬಾಗಿಲಲ್ಲಿ ನಿಂತು ಬರುವ ಹೋಗುವವರಿಗೆಲ್ಲ, "ನಿಧಿ ಹುಡುಕ್ತಿದ್ರ್" ಎಂದು ಹೇಳುತ್ತಿದ್ದರು. ಎರಡು ದಿನದ ಅಗೆತದ ಮೇಲೆ ಕಂಡದ್ದು ಗಟ್ಟಿ ಮುರಮಣ್ಣಿನ ಮೇಲೆ ನೆಟ್ಟಗೆ ಕೂತ ಪಂಚಾಂಗ. ಕೂದಲೆಳೆಯಷ್ಟೂ ಬಿರುಕಿಲ್ಲ. ಗುಂಡಿ ಮುಚ್ಚಿಸಿದೆ. ಯಜಮಾನರು ನಕ್ಕರು. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಆ ಮಧ್ಯಾಹ್ನ ಕಚೇರಿಯಲ್ಲಿ ಕರೆಂಟಿರಲಿಲ್ಲ. ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು ಅಳತೆಯ ಪುಸ್ತಕದಿಂದ ನಕ್ಷೆ ಬಿಡಿಸಲು ಕೂತೆ. ಕೆಳಗಿನ ಅಂತಸ್ತು ಒಂದು ಹಾಳೆ, ಮೇಲಿನದು ಇನ್ನೊಂದು ಟ್ರೇಸಿಂಗ್ ಹಾಳೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಹೊರಗೋಡೆಗಳನ್ನು ಹೊಂದಿಸಿದೆ. ಎಲ್ಲ ಗೋಡೆಯೂ ಗೋಡೆಯ ಮೇಲೆ ಕೂತಿತು. ಒಂದು ಮಾತ್ರ ಕೂರಲಿಲ್ಲ. ಕಪ್ಪುಹಲಗೆಯ ಗೋಡೆಯ ಕೆಳಗೆ ಏನೂ ಇರಲಿಲ್ಲ. ಇಪ್ಪತ್ತೆರಡಡಿ ಅಗಲದ ಬರಿದಾದ ಅಂಗಡಿ, ಅಷ್ಟೆ.

ಹಳೆಯ ಕಾಲದ ಯಾವ ಮೇಸ್ತ್ರಿಯೂ ಆ ಭಾರದ ಕಲ್ಲಿನ ಗೋಡೆಯನ್ನು ಗಾಳಿಯಲ್ಲಿ ಕಟ್ಟುವುದಿಲ್ಲ. ಕೆಳಗೆ ಗೋಡೆ ಇದ್ದೇ ಇತ್ತು. ಯಾರೋ ತೆಗೆದಿದ್ದಾರೆ.

ಕೂಡಲೇ ಓಣಿಗೆ ಹೋಗಿ ಯಜಮಾನರನ್ನು ಕೇಳಿದೆ. ಅವರು ಗಿರಾಕಿಗೆ ಬಕೆಟ್ಟು ತೋರಿಸುವುದನ್ನು ಮುಗಿಸಿ, ನಿಧಾನವಾಗಿ ಹೇಳಿದರು.

"ಅಂಗಡಿ ದೊಡ್ಡದ್ ಮಾಡುಕೆ ತೆಗ್ಸಿದ್ದ್. ಸುಮ್ನೆ ತೆಗ್ಸಲಿಲ್ಲೆ, ಅಡಿಗೆ ಮರದ ದೊಡ್ಡ ತೊಲಿ ಕೊಟ್ಟಿತ್ತ್. ಹನ್ನೆರಡ್ ವರ್ಷ ಆಯ್ತ್. ಒಂದ್ ಹಂಚೂ ಜಾರ್ಲಿಲ್ಲೆ."

"ಸೀಲಿಂಗ್ ಒಂದು ಕಡೆ ಬಿಚ್ಚಿ ಆ ತೊಲೆ ತೋರಿಸಿ."

"ಅದ್ ಆಪ್ದಲ್ಲ. ಮನಿ ತಕಂಬರ್ ಬೇಕಾರೆ ತಕಂಡ್ ಮೇಲೆ ಬಿಚ್ಲಿ."

ಕೆಳಗಿನಿಂದ ದಾರಿ ಇಲ್ಲದಿದ್ದರೆ ಮೇಲಿನಿಂದ. ಉಪ್ಪರಿಗೆ ಮೇಷ್ಟ್ರ ಸುಪರ್ದಿಯಲ್ಲಿತ್ತು. ಅವರು ಒಪ್ಪಿದರು. ಮರುದಿನ ಬೆಳಿಗ್ಗೆ ಒಬ್ಬ ಆಚಾರಿಯನ್ನು ಕರೆದುಕೊಂಡು ಹೋದೆ. ಈ ಸಲ ಮೊದಲು ಮಾಡಿದ ಕೆಲಸ ಕಪ್ಪುಹಲಗೆಯನ್ನು ಇಳಿಸಿದ್ದು. ಅದರ ಹಿಂದೆ ಬಿರುಕು ಕೆಳಗಿಳಿಯುತ್ತ ಅಗಲವಾಗಿತ್ತು, ನೆಲದ ಹತ್ತಿರ ನನ್ನ ಕಿರುಬೆರಳು ಒಳಗೆ ಹೋಯಿತು. ಕೆಳಗಿನ ಆಸರೆ ಬಾಗಿದಾಗ ಗೋಡೆ ಬಿಡುವುದು ಹಾಗೆಯೇ, ಕೆಳಗೆ ಅಗಲ, ಮೇಲೆ ಸಪೂರ. ಮೂರು ದಿನದ ಹಿಂದೆ ಒಂದು ಹಲಗೆ ಇಳಿಸಿದ್ದರೆ ಆ ಗುಂಡಿಯೇ ಬೇಕಿರಲಿಲ್ಲ.

ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ನೆಲದ ಮಟ್ಟ ನೋಡಿದೆವು. ಗೋಡೆಯ ನಡುವಿನಲ್ಲಿ ನೆಲ ಒಂದೂವರೆ ಇಂಚು ತಗ್ಗಿತ್ತು. ಆಚಾರಿ ಗೋಡೆಯ ಪಕ್ಕದ ಎರಡು ಹಲಗೆಗಳನ್ನು ಎಬ್ಬಿಸಿದರು. ನಾನು ಮಂಡಿಯೂರಿ ಟಾರ್ಚ್ ಬಿಟ್ಟೆ. ತೊಲೆ ಕಂಡಿತು, ಹೊರಗಿನಿಂದ ನುಣ್ಣಗೆ, ಒಳ್ಳೆಯ ಮರದಂತೆ. ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ. ಹಿಡಿಯವರೆಗೆ ಹೋಯಿತು.

ಆಚಾರಿ ತಾನೂ ಒಮ್ಮೆ ಬೆರಳಿನಿಂದ ಒತ್ತಿ ನೋಡಿ ಕೈ ಹಿಂದಕ್ಕೆ ತೆಗೆದರು. "ಒರ್ಲಿ ತಿಂದ್ ಮುಗ್ಸಿತ್ತ್ ಮೇಡಂ. ಇದ್ರಗೆ ಮರ ಎಲ್ಲಿತ್ತ್? ಬರೀ ಸಿಪ್ಪಿ."

ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. "ಮಕ್ಕಳ್ ಕೂಕಂಬ ಜಾಗ ಅದ್" ಎಂದರು. ಅವರ ಮಾತು ಯಾರಿಗೂ ಆಡಿದ್ದಾಗಿರಲಿಲ್ಲ. "ನಲ್ವತ್ತೆರಡ್ ಮಕ್ಕಳ್."

ನಾನು ಎಲ್ಲರನ್ನೂ ಕೆಳಗಿಳಿಸಿದೆ. ಒಬ್ಬೊಬ್ಬರಾಗಿ, ಹೊರಗೋಡೆಯ ಬದಿಗೇ ನಡೆದು.

ಯಜಮಾನರಿಗೆ ವಿಷಯ ಹೇಳಿದಾಗ ಅವರು ಮೊದಲ ಬಾರಿಗೆ ಕೌಂಟರಿನ ಆಚೆಯಿಂದ ಈಚೆಗೆ ಬಂದರು. ಧ್ವನಿ ತಗ್ಗಿಸಿದರು. "ನಿಮ್ಮನ್ ಕರ್ಸಿದ್ದ್ ಅವ್ರ್. ಅವ್ರಿಗ್ ಹೇಳಿ, ಬೇಡ ಅಂಬುದಿಲ್ಲೆ. ಊರಿಗೆಲ್ಲ ಎಂತಕ್ ಹೇಳ್ತ್ರಿ? ಮೇಷ್ಟ್ರಿಗೆ ನಾನೇ ಮಾತಾಡ್ತೆ. ಒಂದ್ ತಿಂಗ್ಳ್ ಬಿಟ್ಟ್ ರಿಪೇರಿ ಮಾಡ್ಸುವ."

ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ವರದಿ ನನ್ನನ್ನು ಕರೆದವರ ಸ್ವತ್ತು. ಬೇರೆಯವರಿಗೆ ಅದನ್ನು ಕೊಡುವ ಹಕ್ಕು ನನಗಿಲ್ಲ. ಆದರೆ ಪಾಠ ಶುರುವಾಗುವುದು ಸೋಮವಾರ, ಅಂದು ಶುಕ್ರವಾರ. ನಲವತ್ತೆರಡು ಮಕ್ಕಳು ಒಟ್ಟಿಗೆ ಬೆಂಚು ಎಳೆದರೆ ಸಾಕು. ಒಂದು ತಿಂಗಳ ಮಾತನ್ನು ನಂಬಿ ಮನೆಗೆ ಹೋಗಿ ನಿದ್ದೆ ಮಾಡಲು ನನ್ನಿಂದಾಗುವಂತಿರಲಿಲ್ಲ. ಅಂಗಡಿಯ ಎದುರಿನ ಜಗಲಿಯಲ್ಲೇ ಕೂತು ಒಂದು ಪತ್ರ ಬರೆದೆ. ಒಂದು ಪ್ರತಿ ಯಜಮಾನರಿಗೆ, ಒಂದು ಮೇಷ್ಟ್ರಿಗೆ, ಒಂದು ಪುರಸಭೆಯ ಕಚೇರಿಗೆ. ಮೂರೇ ಸಾಲು. ಅಂಗಡಿಯ ಮೇಲಿನ ಗೋಡೆಯನ್ನು ಹೊತ್ತ ತೊಲೆ ಗೆದ್ದಲು ಹಿಡಿದು ಟೊಳ್ಳಾಗಿದೆ. ಇದು ಅಪಾಯಕಾರಿ ಸ್ಥಿತಿ. ಮೇಲಂತಸ್ತನ್ನು ತಕ್ಷಣ ತೆರವುಗೊಳಿಸಬೇಕು.

ಮೇಷ್ಟ್ರು ಅಂದೇ ಬೆಂಚುಗಳನ್ನು ಪರಿಚಯದವರ ಗೋದಾಮಿಗೆ ಸಾಗಿಸಿದರು. ಶನಿವಾರ ನಾನೇ ನಿಂತು ಅಂಗಡಿಯಲ್ಲಿ ತೊಲೆಯಡಿ ಆಸರೆಗೆ ಕಬ್ಬಿಣದ ಆರು ಜಾಕಿ ಕೊಡಿಸಿದೆ. ಕೊಡ, ಕುರ್ಚಿಗಳ ನಡುವೆ ಜಾಕಿಗಳು ನಿಂತವು. ಸೀಲಿಂಗ್ ಆಗ ಬಿಚ್ಚಲೇಬೇಕಾಯಿತು. ಯಜಮಾನರು ನನ್ನ ಮುಖ ನೋಡಲಿಲ್ಲ.

ಹೆಂಗಸಿಗೂ ಸಿಟ್ಟು ಬಂದಿತ್ತು. "ನಂಗೆ ಹೇಳುಕ್ ಮೊದ್ಲ್ ಮೇಷ್ಟ್ರಿಗ್ ಹೇಳ್ದ್ ಎಂತಕ್?" ಎಂದು ಕೇಳಿದರು. ಮಕ್ಕಳ ವಿಷಯ ಹೇಳಿದೆ. "ಅದ್ ಸಮ. ಈಗ ಮನಿ ಕತಿ ಹೇಳಿ" ಎಂದರು.

ಮನೆಯ ಕತೆಯನ್ನು ಹದಿನಾಲ್ಕು ಪುಟದಲ್ಲಿ ಬರೆದುಕೊಟ್ಟೆ. ಓದಿಯೂ ಹೇಳಿದೆ. ಕೆಟ್ಟದ್ದು ಒಂದೇ ತೊಲೆ. ಜಾಕಿಯ ಮೇಲೆ ಗೋಡೆಯನ್ನು ನಿಲ್ಲಿಸಿಕೊಂಡು, ಮರ ತೆಗೆದು, ಎರಡು ಕಬ್ಬಿಣದ ಗರ್ಡರ್ ತೂರಿಸಿದರೆ ಹತ್ತು ದಿನದ ಕೆಲಸ. ಬಚ್ಚಲಿನ ಸಿಮೆಂಟು ಕಿತ್ತು ಸುಣ್ಣದ ಗಾರೆ. ಒರಲೆಗೆ ಔಷಧಿ. ಉಳಿದದ್ದೆಲ್ಲ ಇನ್ನೂ ಅರವತ್ತು ವರ್ಷಕ್ಕೆ ಚಿಂತೆಯಿಲ್ಲ. ಅವರ ಮುಖ ಅರಳಿತು. ಗರ್ಡರ್ ಹಾಕಿದ ಮೇಲೆ ಅಂಗಡಿಯಲ್ಲಿ ಎಷ್ಟು ಮೇಜು ಹಿಡಿಯುತ್ತದೆ ಎಂದು ಕೇಳಿದರು. ಎಂಟು ಎಂದೆ. ಹೊಗೆ ಹೋಗಲು ಎಲ್ಲಿ ಕಿಂಡಿ ಒಡೆಯಬಹುದು ಎಂದು ಕೇಳಿದರು. ಅದನ್ನೂ ಪೆನ್ಸಿಲಿನಲ್ಲಿ ಗುರುತು ಮಾಡಿಕೊಟ್ಟೆ.

ಆಮೇಲಿನದ್ದನ್ನು ನಾನು ಎಣಿಸಿರಲಿಲ್ಲ. ಮಳೆ ಹಿಡಿದು ಹದಿನೈದು ದಿನವಾಗಿತ್ತು. ಹೆಂಗಸು ಮನೆಯವರನ್ನೆಲ್ಲ ಒಪ್ಪಿಸಿ ಕರಾರಿಗೆ ಹೋದಾಗ ಯಜಮಾನರು ಮಾರುವುದಿಲ್ಲ ಎಂದರಂತೆ. ಕಟ್ಟಡ ಕೆಡವಲು ಅನುಮತಿ ಸಿಕ್ಕಿದೆ, ಬರಿ ಜಾಗವನ್ನು ಬಿಲ್ಡರಿಗೆ ಕೊಡುತ್ತೇನೆ ಎಂದರಂತೆ. ಅನುಮತಿಯ ಅರ್ಜಿಗೆ ಅಂಟಿಸಿದ್ದ ದಾಖಲೆ ನನ್ನ ಮೂರು ಸಾಲಿನ ಪತ್ರ.

ಹೆಂಗಸಿನ ಒಪ್ಪಿಗೆ ಪಡೆದು, ಹದಿನಾಲ್ಕು ಪುಟವನ್ನೂ ಹಿಡಿದುಕೊಂಡು ಪುರಸಭೆಗೆ ಓಡಿದೆ. ಮೇಜಿನ ಹಿಂದಿದ್ದವರು ಸಭ್ಯರೇ. ಕೂರಿಸಿ, ಕಡತ ತೆಗೆದು, ನನ್ನ ಸಹಿಯ ಮೇಲೆ ಬೆರಳಿಟ್ಟು ತೋರಿಸಿದರು.

"ತೆರವುಗೊಳಿಸಬೇಕು ಅಂತ ಬರೆದವರು ನೀವೇ ಅಲ್ವಾ ಮೇಡಂ?"

"ಜನರನ್ನು ತೆರವು ಮಾಡಿಸಿ ಅಂದದ್ದು. ಕಟ್ಟಡವನ್ನಲ್ಲ."

"ನಮ್ಮಲ್ಲಿ ಕಟ್ಟಡ ತೆರವು ಅಂದರೆ ಕೆಡವುವುದು. ಅದೂ ಮಾಲೀಕರೇ ಕೇಳಿದ್ದಾರೆ. ಅವರ ಸ್ವತ್ತು. ನಾವು ಬೇಡ ಅನ್ನುವುದು ಹೇಗೆ?"

ನಾನು ಇನ್ನೊಂದು ಪತ್ರ ಕೊಟ್ಟೆ. ಅದನ್ನೂ ಕಡತಕ್ಕೆ ಸೇರಿಸಿದರು. ಅಪಾಯಕಾರಿ ಸ್ಥಿತಿ ಎಂದು ಬರೆದ ಮೊದಲ ಪತ್ರದ ಮೇಲೆ, ಹಾಗಲ್ಲ ಎನ್ನುವ ಎರಡನೆಯ ಪತ್ರಕ್ಕೆ ಎಷ್ಟು ಬೆಲೆ ಬಂದೀತು? ಅಂದು ಜಗಲಿಯಲ್ಲಿ ಇನ್ನೊಂದು ಸಾಲು ಬರೆಯಲು ನನಗೆ ಎರಡು ನಿಮಿಷ ಸಾಕಿತ್ತು. ತೊಲೆ ಬದಲಿಸಿದರೆ ಮನೆ ಗಟ್ಟಿ, ಅಷ್ಟೇ ಸಾಲು. ಆ ಹೊತ್ತಿಗೆ ತಲೆಯಲ್ಲಿ ಬೆಂಚುಗಳು ಮಾತ್ರ ಇದ್ದವು. ಬರೆದದ್ದಕ್ಕೆ ಪಶ್ಚಾತ್ತಾಪವಿಲ್ಲ, ಬಿಟ್ಟದ್ದಕ್ಕೆ ಇದೆ. ಈಗ ಯಾರಿಗೆ ಏನೇ ಬರೆದರೂ ತೆರವು ಎಂಬ ಆ ಪದವನ್ನು ಬಳಸುವುದಿಲ್ಲ. ಮನುಷ್ಯರನ್ನು ಹೊರಗೆ ಕಳಿಸಿ ಎಂದೇ ಬರೆಯುತ್ತೇನೆ.

ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ಯಂತ್ರ ಬಂತು. ನಾನು ಹೋಗಬಾರದೆಂದಿದ್ದೆ, ಹೋದೆ. ಮುಂದಿನ ಭಾಗ ಒಂದು ಗಂಟೆಯಲ್ಲಿ ನೆಲಕ್ಕಿಳಿಯಿತು. ಹಿಂದಿನ ಗೋಡೆಗೆ ಬಂದಾಗ ಯಂತ್ರದ ಹಲ್ಲು ಜಾರತೊಡಗಿತು. ಚಾಲಕ ಇಳಿದು ಬಂದು ಗೋಡೆಯನ್ನು ಮುಟ್ಟಿ ನೋಡಿ, ಯಾರಿಗೋ ಬೈದು, ಮತ್ತೆ ಹತ್ತಿದ. ಸಂಜೆಯಾದರೂ ಆ ಗೋಡೆಯ ಅರ್ಧ ನಿಂತೇ ಇತ್ತು.

ಹೆಂಗಸು ಓಣಿಯ ಆಚೆ ಬದಿಯಲ್ಲಿ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಒಡೆದ ಗೋಡೆಯ ಸಂದಿಯಿಂದ ಒಳಗಿನ ಕೋಣೆಗಳೆಲ್ಲ ಓಣಿಗೆ ಕಾಣುತ್ತಿದ್ದವು. ನಾನು ಹತ್ತಿರ ಹೋಗಿ ನಿಂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ. ಪತ್ರದ ವಿಷಯ, ಆ ಪದದ ವಿಷಯ, ಕಚೇರಿಗೆ ಎಷ್ಟು ಸಲ ಹೋದೆ ಎಂಬುದು. ಬಾಯಿ ತೆರೆಯುವ ಮೊದಲೇ ಅವರು ಕೈ ಎತ್ತಿ ಬೇಡವೆಂದರು. ಅವರ ಕಣ್ಣು ಮನೆಯ ಮೇಲೇ ಇತ್ತು.

"ನೀವ್ ಸುಳ್ಳ್ ಹೇಳಿದ್ದಿದ್ರೆ ಸಿಟ್ಟಾದ್ರೂ ಮಾಡ್ಲಕ್ಕಿತ್ತ್ ಮೇಡಂ" ಎಂದರು.

ಯಂತ್ರ ಮತ್ತೆ ಶುರುವಾಯಿತು. ನಾವಿಬ್ಬರೂ ಸೆರಗಿನಿಂದ ಮೂಗು ಮುಚ್ಚಿಕೊಂಡೆವು, ಸುಣ್ಣದ ಧೂಳು ಅಷ್ಟಿತ್ತು.